ಗಂಡು ಸಿಗದ ಕಣಜ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಒಂದು ಕುರುಚಲು ಗುಡ್ಡವಿದೆ. ಕಲ್ಲುಗಳ ಸಂದಿಯಲ್ಲಿ ಬೆಳೆದ ಬಂದರಿಕೆ ಗಿಡಗಳನ್ನು ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಂದು ಭಾನುವಾರ ನಾನು ಅಲ್ಲಿ ಬಸ್ಸಿಳಿದದ್ದು ಏನನ್ನೋ ಹುಡುಕಬೇಕೆಂದಲ್ಲ. ಭಾನುವಾರ ಕಾಲೇಜು ಇರುವುದಿಲ್ಲ, ಬಾಡಿಗೆಯ ಕೋಣೆಯಲ್ಲಿ ಮಾತಾಡಲು ಯಾರೂ ಇರುವುದಿಲ್ಲ, ಸಂಜೆಯವರೆಗೆ ಸಮಯ ಕಳೆಯಬೇಕು. ಅಷ್ಟೇ. ಪ್ರಾಣಿಶಾಸ್ತ್ರ ಕಲಿಸುವವಳಾದ್ದರಿಂದ ಚೀಲದಲ್ಲಿ ಒಂದೆರಡು ಹೋಮಿಯೋಪತಿ ಶೀಸೆ, ಒಂದು ಭೂತಗನ್ನಡಿ ಇರುತ್ತಿದ್ದವು.

ಬಂದರಿಕೆಯ ಎಲೆ ಅಂಟಂಟು. ಮಗುಚಿ ನೋಡುತ್ತ ಹೋದಾಗ ಒಂದು ಎಲೆಯ ಹಿಂಬದಿಯಲ್ಲಿ ಮೊಟ್ಟೆಗಳ ಎರಡು ಸಾಲು ಕಂಡವು. ಎಲೆಯ ರಸ ಹೀರಿ ಬದುಕುವ, ಮುಟ್ಟಿದರೆ ಗಬ್ಬು ನಾರುವ ಕಂದು ತಿಗಣೆಯ ಮೊಟ್ಟೆಗಳು. ಮುಚ್ಚಳವಿರುವ ಪುಟ್ಟ ಡಬ್ಬಿಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ ಇದ್ದವು. ಮೊಟ್ಟೆ ತಿಳಿಬಿಳುಪಾಗಿರಬೇಕು, ಇವು ಕಪ್ಪಗಾಗಿದ್ದವು. ಅಂದರೆ ಒಳಗೆ ತಿಗಣೆಯ ಮರಿಯಿಲ್ಲ, ಅದನ್ನು ತಿಂದು ಬೆಳೆಯುತ್ತಿರುವ ಇನ್ನೇನೋ ಇದೆ. ಎಲೆಯನ್ನು ಶೀಸೆಗೆ ಹಾಕಿ ಹತ್ತಿಯಿಂದ ಬಾಯಿ ಮುಚ್ಚಿದೆ.

ವಾರ ಕಳೆಯುವುದರೊಳಗೆ ಶೀಸೆಯ ಗೋಡೆಯ ಮೇಲೆ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದವು. ಸಾಸಿವೆ ಕಾಳಿಗಿಂತ ಚಿಕ್ಕವು. ಕಣಜ ಎಂದರೆ ಜನ ಮಾಡಿನಲ್ಲಿ ಗೂಡು ಕಟ್ಟಿ ಕುಟುಕುವುದನ್ನು ನೆನೆಯುತ್ತಾರೆ. ಇವೂ ಕಣಜಗಳೇ, ಆದರೆ ಯಾರನ್ನೂ ಕುಟುಕಲಾರವು. ಮತ್ತೊಂದು ಹುಳದ ಮೊಟ್ಟೆಯೊಳಗೆ ಮೊಟ್ಟೆಯಿಟ್ಟು, ಅದನ್ನೇ ತಿಂದು ಅದರೊಳಗೇ ತಮ್ಮ ಬಾಲ್ಯವನ್ನೆಲ್ಲ ಮುಗಿಸುತ್ತವೆ.

ನಾನಿದ್ದ ಕೋಣೆ ಒಂದು ಹಿಟ್ಟಿನ ಗಿರಣಿಗೆ ಅಂಟಿಕೊಂಡಿತ್ತು. ಗಿರಣಿ ನಡೆಸುತ್ತಿದ್ದವರೇ ಮನೆಯೊಡತಿ. ಅರವತ್ತರ ಆಸುಪಾಸಿನ, ಮಕ್ಕಳಿಲ್ಲದ ವಿಧವೆ. ಹಣೆಯ ಮೇಲೆ ವಿಭೂತಿ, ಹುಬ್ಬಿನ ಮೇಲೆ ಜೋಳದ ಹಿಟ್ಟು. ದೂರದಿಂದ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಊರಿನವರು ಗಿರಣಿಯವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಿರಣಿ ತಿರುಗುವಾಗ ಕೋಣೆಯ ನೆಲವೇ ನಡುಗುತ್ತಿತ್ತು, ಅದರೊಂದಿಗೆ ಸೂಕ್ಷ್ಮದರ್ಶಕವೂ. ಗಾಜಿನಡಿ ಕಣಜದ ತಲೆ ಎರಡಾಗಿ, ಮೂರಾಗಿ ಕಾಣುತ್ತಿತ್ತು. ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು. ನನ್ನ ಸೂಕ್ಷ್ಮದರ್ಶಕ ಹಳೆಯದು, ಕೆಳಗಿನ ಕನ್ನಡಿಗೆ ಕಿಟಕಿಯ ಬಿಸಿಲು ಸಾಕು. ಹಾಗಾಗಿ ಊರೆಲ್ಲ ಕರೆಂಟಿಗೆ ಶಾಪ ಹಾಕುವ ಹೊತ್ತಿನಲ್ಲಿ ನಾನು ಚಿತ್ರ ಬರೆಯಲು ಕೂರುತ್ತಿದ್ದೆ.

ಮೀಸೆಯ ಗಂಟುಗಳನ್ನು ಎಣಿಸುವುದು, ರೆಕ್ಕೆಯ ಅಂಚಿನ ರೋಮದ ಉದ್ದವನ್ನು ಅಳೆಯುವುದು, ಬೆನ್ನಿನ ಮೇಲಿನ ಗೆರೆಗಳು ಎಲ್ಲಿ ಶುರುವಾಗಿ ಎಲ್ಲಿ ಮಾಸುತ್ತವೆ ಎಂದು ನೋಡುವುದು. ಕುಲ ಗುರುತಿಸುವುದು ಕಷ್ಟವಾಗಲಿಲ್ಲ. ಆ ಕುಲದಲ್ಲಿ ಈವರೆಗೆ ಹೆಸರಿಟ್ಟ ಪ್ರತಿ ಜಾತಿಯ ವಿವರಣೆಯನ್ನೂ ತರಿಸಿ ಪಕ್ಕದಲ್ಲಿಟ್ಟುಕೊಂಡೆ. ಒಂದಕ್ಕೆ ಬೆನ್ನು ಹೊಂದಿದರೆ ಮೀಸೆ ಹೊಂದುವುದಿಲ್ಲ. ಮೀಸೆ ಹೊಂದಿದರೆ ಹೊಟ್ಟೆಯ ಮೊದಲ ಪಟ್ಟಿ ಹೊಂದುವುದಿಲ್ಲ. ಕೆಲವು ತಿಂಗಳು ಹೀಗೇ ಹೋದವು. ಕೊನೆಗೆ ಒಂದು ಮಧ್ಯಾಹ್ನ ಪೆನ್ಸಿಲ್ ಕೆಳಗಿಟ್ಟೆ. ಇದಕ್ಕೆ ಹೆಸರಿಲ್ಲ ಅನ್ನಿಸಿತು.

ಯಾರಿಗಾದರೂ ಹೇಳಬೇಕಿತ್ತು. ಕಾಲೇಜಿನ ಸಿಬ್ಬಂದಿ ಕೋಣೆಯಲ್ಲಿ ಸಸ್ಯಶಾಸ್ತ್ರದ ಸಹೋದ್ಯೋಗಿಯ ಮುಂದೆ ಮಾತು ತೆಗೆದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು.

"ಇದರಿಂದ ಏನರ ಪ್ರಮೋಷನ್ ಸಿಗತೈತೇನ್ರಿ ಮೇಡಮ್?" ಎಂದರು.

"ಇಲ್ಲ."

"ಮತ್ತ್ಯಾಕ್ರಿ ಕಣ್ಣು ಹಾಳು ಮಾಡ್ಕೋತೀರಿ" ಎಂದು ನಿಜವಾದ ಕಾಳಜಿಯಿಂದಲೇ ಹೇಳಿ ಬೆಲ್ಲಾದಾಗ ಎದ್ದು ಹೋದರು.

ದೇಶದಲ್ಲಿ ಈ ಕುಲವನ್ನು ಬಲ್ಲವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬ ಹಿರಿಯರು ಕೇರಳದಲ್ಲಿದ್ದರು. ಮುಖ ನೋಡಿರಲಿಲ್ಲ. ಬಸ್ ನಿಲ್ದಾಣದ ಪಕ್ಕದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಕಳಿಸಿ, ನೋಡುತ್ತೇನೆ ಎಂದರು. ತ್ರಿಕೋನಾಕಾರದ ರಟ್ಟಿನ ತುದಿಗೆ ಒಂದೊಂದು ಕಣಜವನ್ನು ಅಂಟಿಸಿ, ಪಿನ್ನು ಚುಚ್ಚಿ, ಡಬ್ಬಿಯಲ್ಲಿ ನಿಲ್ಲಿಸಿ, ಆ ಡಬ್ಬಿಯನ್ನು ಹತ್ತಿ ತುಂಬಿದ ಇನ್ನೊಂದು ಡಬ್ಬಿಯಲ್ಲಿಟ್ಟು ಹೊಲಿದು ರಿಜಿಸ್ಟರ್ ಪಾರ್ಸೆಲ್ ಮಾಡಿದೆ. ಒಂದೆರಡನ್ನಾದರೂ ನನ್ನ ಬಳಿ ಉಳಿಸಿಕೊಂಡಿದ್ದು ಪುಣ್ಯ.

ಮೂರನೆಯ ವಾರ ಮತ್ತೆ ಫೋನ್ ಮಾಡಿದಾಗ ಅವರು ನಡೆದದ್ದನ್ನು ಹೇಳಿದರು. ಪಾರ್ಸೆಲ್ಲಿನ ಮೇಲೆ ಏನೋ ಭಾರ ಬಿದ್ದಿದೆ. ಒಳಗಿನ ಪಿನ್ನುಗಳೆಲ್ಲ ಕಿತ್ತುಬಂದು ಒಂದರ ಮೇಲೊಂದು ಉರುಳಾಡಿವೆ. ತಲೆಗಳು, ರೆಕ್ಕೆಗಳು, ಅಷ್ಟೇ ಉಳಿದಿವೆ. ಅವರು ಅದನ್ನೇ ಜೋಡಿಸಿ ನೋಡಿದ್ದರು. ಹೊಸದೆಂದೇ ಕಾಣುತ್ತದೆ, ಆದರೆ ಎಲ್ಲವೂ ಹೆಣ್ಣು ಎಂದರು. ಈ ಕುಲದಲ್ಲಿ ಅಕ್ಕತಂಗಿಯರಂಥ ಜಾತಿಗಳ ಹೆಣ್ಣುಗಳು ಒಂದನ್ನೊಂದು ಹೋಲುತ್ತವೆ. ವ್ಯತ್ಯಾಸ ಖಚಿತವಾಗುವುದು ಗಂಡಿನ ಜನನಾಂಗದಲ್ಲಿ. ಗಂಡು ಇಲ್ಲದೆ ಪ್ರಕಟಿಸಿದರೆ ನಾಳೆ ಇನ್ನೊಬ್ಬರು ಅದನ್ನು ಅಳಿಸಿ ಹಾಕುತ್ತಾರೆ. ಗಂಡು ಹುಡುಕಿ ಎಂದು ಹೇಳಿ, ಕಳಿಸುವಾಗ ಎಚ್ಚರಿಕೆಯಿಂದಿರಿ ಎಂದೂ ಸೇರಿಸಿ ಫೋನಿಟ್ಟರು.

ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ವಾರಕ್ಕೊಮ್ಮೆ ಗುಡ್ಡಕ್ಕೆ ಹೋದೆ. ಹೂವಿನಹಡಗಲಿ ಕಡೆಯ, ಹಗರಿಬೊಮ್ಮನಹಳ್ಳಿ ಕಡೆಯ ಗುಡ್ಡಗಳನ್ನೂ ನೋಡಿದೆ. ಬಂದರಿಕೆ ಎಲ್ಲೆಡೆ ಇತ್ತು, ತಿಗಣೆ ಎಲ್ಲೂ ಇರಲಿಲ್ಲ. ಚಳಿ ಕಳೆದು ಬೇಸಗೆ ಬಂತು. ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಬಸ್ಸಿಳಿದು ಹತ್ತುವವಳನ್ನು ನೋಡಿ ಕುರಿ ಕಾಯುವವರು ಮೊದಮೊದಲು ಯಾಕೆಂದು ಕೇಳುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ದಿನವಿಡೀ ಒಂದು ಮಾತೂ ಆಡದೆ ಕೋಣೆಗೆ ಮರಳಿ, ಬೀಗ ತೆಗೆಯುವಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಸ್ವರ ಇದೆಯೋ ಇಲ್ಲವೋ ನೋಡಿದ ಹಾಗೆ.

ಆ ಬೇಸಗೆಯಲ್ಲೇ ಒಂದು ದಿನ ಹಳೆಯ ಎಲೆಯನ್ನು, ಖಾಲಿ ಮೊಟ್ಟೆಗಳಿದ್ದ ಅದೇ ಎಲೆಯನ್ನು, ಮತ್ತೆ ಗಾಜಿನಡಿ ಇಟ್ಟೆ. ತಿಗಣೆಯ ಮರಿಯಾದರೆ ಮುಚ್ಚಳ ಎತ್ತಿ ಹೊರಬರುತ್ತದೆ. ಕಣಜವಾದರೆ ಮುಚ್ಚಳವನ್ನು ಕಡಿದು ಒರಟಾದ ತೂತು ಮಾಡುತ್ತದೆ. ತೂತುಗಳನ್ನು ಎಣಿಸಿದೆ, ಶೀಸೆಯಲ್ಲಿ ಎಷ್ಟು ಕಣಜ ಸಿಕ್ಕಿದ್ದವೆಂದು ಟಿಪ್ಪಣಿ ಪುಸ್ತಕದಲ್ಲಿ ನೋಡಿದೆ. ಒಂದು ತೂತು ಹೆಚ್ಚಿತ್ತು. ಎಲ್ಲಕ್ಕಿಂತ ಮೊದಲು ಹೊರಬಂದವನೊಬ್ಬ ನಾನು ಎಲೆ ಕೀಳುವ ಮುಂಚೆಯೇ ಹಾರಿಹೋಗಿದ್ದ. ಈ ಕಣಜಗಳಲ್ಲಿ ಗಂಡು ಮೊದಲು ಹೊರಬಂದು ಮೊಟ್ಟೆಗಳ ಮೇಲೆಯೇ ಕಾಯುತ್ತದೆ. ತಂಗಿಯರು ಒಬ್ಬೊಬ್ಬರಾಗಿ ಬಂದಂತೆ ಕೂಡುತ್ತದೆ. ಒಂದು ಗುಂಪಿಗೆ ಒಬ್ಬನೇ ಸಾಕು. ಆ ಒಬ್ಬ ನನಗೆ ತಪ್ಪಿದ್ದ. ಬಹುಶಃ ನಾನು ಎಲೆ ಮಗುಚಿದ ಗಾಬರಿಗೇ ಹಾರಿದ್ದ.

ಕಾಡಿನಲ್ಲಿ ಅಂಥ ಒಬ್ಬನನ್ನು ಮತ್ತೆ ಹಿಡಿಯುವುದು ಅದೃಷ್ಟದ ಮಾತು. ಆದರೆ ಬೇರೊಂದು ದಾರಿಯಿತ್ತು, ತರಗತಿಯಲ್ಲಿ ನಾನೇ ಎಷ್ಟೋ ಸಲ ಕಲಿಸಿದ್ದು. ಜೇನಿನಲ್ಲೂ ಕಣಜದಲ್ಲೂ ಗಂಡಿನೊಡನೆ ಕೂಡದ ಹೆಣ್ಣು ಮೊಟ್ಟೆಯಿಡುತ್ತದೆ, ಆ ಮೊಟ್ಟೆಗಳಿಂದ ಗಂಡುಮಕ್ಕಳು ಮಾತ್ರ ಹುಟ್ಟುತ್ತವೆ. ಮುಂದಿನ ಮಳೆಗೆ ಕಪ್ಪಾದ ಮೊಟ್ಟೆಗಳು ಸಿಕ್ಕರೆ, ಒಡೆಯುವ ಮೊದಲೇ ಒಂದೊಂದನ್ನೂ ಬೇರೆ ಬೇರೆ ಶೀಸೆಗೆ ಹಾಕಬೇಕು. ಒಳಗಿಂದ ಬಂದ ಹೆಣ್ಣು ಯಾರನ್ನೂ ಕಾಣದೆ ಒಂಟಿಯಾಗಿರಬೇಕು. ಅದಕ್ಕೆ ಹೊಸ ತಿಗಣೆ ಮೊಟ್ಟೆ ಕೊಡಬೇಕು. ಅದಕ್ಕಾಗಿ ತಿಗಣೆಗಳನ್ನೂ ಸಾಕಬೇಕು. ಎಲ್ಲ ಸೇರಿ ಎರಡು ತಿಂಗಳ ಕೆಲಸ, ಅದೂ ಗುಡ್ಡದ ಹತ್ತಿರವೇ ಇದ್ದು.

ಮೊದಲ ಮಳೆಗೆ ಮುನ್ನ ಮೈಸೂರಿನಿಂದ ಅಣ್ಣನ ಫೋನ್ ಬಂತು. ಎದುರಿನ ಕಿರಾಣಿ ಅಂಗಡಿಗೆ ಬರುತ್ತಿದ್ದ ಫೋನ್ ಅದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನಗಿದ್ದವನು ಅವನೊಬ್ಬನೇ. ಮದುವೆಯಾಗದ ತಂಗಿ ದೂರದ ಊರಲ್ಲಿ ಒಬ್ಬಳೇ ಇದ್ದಾಳೆ ಎಂಬುದು ಅವನ ಎದೆಯ ಮೇಲಿನ ಕಲ್ಲಾಗಿತ್ತು. ನಾನೇ ಕೇಳಿಕೊಂಡಿದ್ದರಿಂದ ಅವನು ಕಚೇರಿ ಕಚೇರಿ ಅಲೆದು ಮೈಸೂರಿಗೆ ನನ್ನ ವರ್ಗಾವಣೆ ಮಾಡಿಸಿದ್ದ.

"ಆರ್ಡರ್ ಆಗಿದೆ. ಈ ವಾರವೇ ಬಂದು ಸೇರ್ಕೋಬೇಕು" ಎಂದ. ಅವನ ಸ್ವರ ತುಂಬಿ ಬಂದಿತ್ತು.

"ಎರಡು ತಿಂಗಳು ತಡ ಮಾಡೋಕೆ ಆಗುತ್ತಾ ಅಣ್ಣ?"

"ಯಾಕೆ?"

ಹೇಳಿದೆ. ಅಂಗಡಿಯಲ್ಲಿ ಬೆಲ್ಲ ಕೊಳ್ಳುತ್ತಿದ್ದವರು ತಿರುಗಿ ನೋಡುತ್ತಿದ್ದರು.

"ಹುಳಕ್ಕಾ?" ಎಂದ ಅಣ್ಣ. "ನೋಡು, ಈಗ ಬಿಟ್ರೆ ಆ ಜಾಗ ಬೇರೆಯವರಿಗೆ ಹೋಗುತ್ತೆ. ಇನ್ನೊಂದ್ಸಲ ನಾನು ಯಾರ ಬಾಗಿಲಿಗೂ ಹೋಗಲ್ಲ" ಎಂದ.

ಮೈಸೂರಿಗೆ ಹೋದರೆ ಅಣ್ಣನ ಮನೆ, ಅತ್ತಿಗೆಯ ಅಡುಗೆ, ಸಂಜೆ ಜೊತೆಗೆ ಕೂರಲು ಮಕ್ಕಳು. ಒಂದು ವರ್ಷದಿಂದ ಪ್ರತಿ ಭಾನುವಾರ ನಾನು ಬಯಸಿದ್ದು ಅದನ್ನೇ. ಹೊಸ ಜಾಗದಲ್ಲಿ ಸೇರಿದ ಕೂಡಲೇ ರಜೆ ಕೊಡುವುದಿಲ್ಲ; ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಮುಂದಿನ ವರ್ಷ ನೋಡೋಣವೆಂದರೆ, ಒಂದು ಕಣಜಕ್ಕಾಗಿ ಅಷ್ಟು ದೂರದಿಂದ ಯಾರು ಬರುತ್ತಾರೆ? ನಾನು ಕೂಡ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ಬೇರೆಯವರಿಗೇ ಹೋಗಲಿ ಅಣ್ಣ" ಎಂದೆ.

ಅವನು ಬೈಯಲಿಲ್ಲ. ಫೋನಿಟ್ಟ. ಅದಾದ ಮೇಲೆ ಬಹಳ ಕಾಲ ಆ ಅಂಗಡಿಯಿಂದ ನನ್ನನ್ನು ಯಾರೂ ಕೂಗಿ ಕರೆಯಲಿಲ್ಲ.

ಗಿರಣಿಯವ್ವನಿಗೆ ಸಂಜೆಯ ಹೊತ್ತಿಗೆಲ್ಲ ಸುದ್ದಿ ಮುಟ್ಟಿತ್ತು. ಅವರು ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟರು. ಬಾಗಿಲಲ್ಲೇ ನಿಂತು, "ಈ ಊರಾಗ ಇರಾಕ ನಿಮಗ ಮನಸೈತೇನ್ರಿ, ಇಲ್ಲಾ ಆ ಹುಳದ ಸಲುವಾಗೇನ್ರಿ?" ಎಂದರು.

"ಹುಳದ ಸಲುವಾಗಿ."

"ಖರೆ ಹೇಳಿದ್ರಿ" ಎಂದು ಹೋದರು. ಅವರಿಗೆ ಬೇಜಾರಾದಂತೆ ಕಾಣಲಿಲ್ಲ.

ಮಳೆ ಬಂತು. ಎರಡನೆಯ ಮಳೆಗೆ ಗುಡ್ಡ ಚಿಗುರಿತು, ತಿಗಣೆಗಳು ಕಂಡವು. ಹಿಡಿದು ತಂದು, ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಪಂಜರದಲ್ಲಿ ಬಂದರಿಕೆ ಟೊಂಗೆಗಳ ಮೇಲೆ ಬಿಟ್ಟೆ. ಕೋಣೆಯೆಲ್ಲ ಗಬ್ಬು. ಗಿರಣಿಯವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿದರು.

"ಜನ ಎಮ್ಮಿ ಸಾಕ್ತಾರ, ಕೋಳಿ ಸಾಕ್ತಾರ. ತಗಣಿ ಸಾಕಿದಾಕಿನ್ನ ನಿನ್ನss ನೋಡಿದೆ ನೋಡವ್ವ" ಎಂದರು. ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ತಿದ್ದಿಕೊಳ್ಳಲೂ ಇಲ್ಲ.

ತಿಗಣೆಗಳು ಮೊಟ್ಟೆಯಿಟ್ಟವು. ಮಾರನೆಯ ದಿನ ಕಾಲೇಜಿನಿಂದ ಬಂದು ನೋಡಿದರೆ ಗೋಡೆಯ ಬಿರುಕಿನಿಂದ ಪಂಜರದವರೆಗೆ ಇರುವೆಗಳ ಸಾಲು. ಒಂದು ಮೊಟ್ಟೆಯೂ ಉಳಿದಿರಲಿಲ್ಲ. ಮೇಜಿನ ನಾಲ್ಕೂ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲಿಟ್ಟು ಮೊದಲಿನಿಂದ ಶುರು ಮಾಡಿದೆ.

ಆ ನಡುವೆ ಗುಡ್ಡದಲ್ಲಿ ಕಪ್ಪಾದ ಮೊಟ್ಟೆಗಳ ಒಂದೇ ಒಂದು ಗುಂಪು ಸಿಕ್ಕಿತು. ತೂತುಗಳಿರಲಿಲ್ಲ. ಒದ್ದೆ ಕುಂಚದ ತುದಿಯಿಂದ ಒಂದೊಂದು ಮೊಟ್ಟೆಯನ್ನೂ ಎಲೆಯಿಂದ ಬಿಡಿಸಿ ಬೇರೆ ಬೇರೆ ಶೀಸೆಗೆ ಹಾಕಿದೆ. ಬಿಡಿಸುವಾಗ ಕೆಲವು ಒಡೆದವು, ಕೆಲವು ಒಣಗಿದವು. ಒಂದು ಶೀಸೆಯಲ್ಲಿ ಗಂಡು ಬರಬಹುದೆಂಬ ಆಸೆಯೂ ಇತ್ತು. ಬರಲಿಲ್ಲ, ಅದು ಒಡೆದವುಗಳಲ್ಲೇ ಇತ್ತೋ ಏನೋ. ಕೊನೆಗೆ ಜೀವಂತ ಹೊರಬಂದದ್ದು ಒಂದೇ ಹೆಣ್ಣು. ಮೀಸೆಯ ತುದಿ ಗದೆಯಂತೆ ದಪ್ಪ, ಹೆಣ್ಣೆಂಬುದರಲ್ಲಿ ಅನುಮಾನವಿರಲಿಲ್ಲ. ಸೂಜಿಮೊನೆಯಷ್ಟು ಜೇನುತುಪ್ಪ ಕೊಟ್ಟೆ. ಪಂಜರದ ತಿಗಣೆ ಆಗತಾನೆ ಇಟ್ಟ ಮೊಟ್ಟೆಗಳಿದ್ದ ಎಲೆಯನ್ನು ಶೀಸೆಗೆ ಇಳಿಬಿಟ್ಟೆ.

ಅದು ಮೊದಲು ಎಲೆಯ ಸುತ್ತ ನಡೆಯಿತು. ಆಮೇಲೆ ಮೊಟ್ಟೆಗಳ ಮೇಲೇರಿ ಮೀಸೆಗಳಿಂದ ತಟ್ಟಿ ತಟ್ಟಿ ನೋಡಿ, ಒಂದರ ಮೇಲೆ ನಿಂತು ಹೊಟ್ಟೆಯ ತುದಿಯನ್ನು ಊರಿತು. ನನ್ನ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಮುಖ ಹಿಂದಕ್ಕೆ ಎಳೆದುಕೊಂಡೆ. ಇಟ್ಟಾದ ಮೇಲೆ ತುದಿಯಿಂದ ಮೊಟ್ಟೆಯ ಮೇಲೆ ಗೀಚಿ ಗುರುತು ಹಾಕಿತು. ಇಲ್ಲಿ ಆಗಿದೆ, ಮತ್ತೆ ಇಡಬೇಡ ಎಂದು ತನಗೇ ಹೇಳಿಕೊಂಡಂತೆ. ಮುಂದಿನದಕ್ಕೆ ಹೋಯಿತು. ಎಲ್ಲ ಮುಗಿಸಿ ಮಾರನೆಯ ದಿನ ಸತ್ತಿತು. ಅದನ್ನು ರಟ್ಟಿನ ತುದಿಗೆ ಅಂಟಿಸಿ ಬೇರೆ ಇಟ್ಟೆ.

ಇನ್ನು ಕಾಯುವುದಷ್ಟೇ ಉಳಿದಿತ್ತು. ಒಂದು ದಿನ ಕಾಲೇಜಿನಿಂದ ಬರುವಾಗ ಬೀದಿಯಲ್ಲಿ ಮನೆಮನೆಯ ಗೋಡೆಗೆ ಬಿಳಿ ಕಲೆ ಕಂಡು ಕಾಲು ನಿಂತುಬಿಟ್ಟಿತು. ಮಲೇರಿಯಾ ಔಷಧಿ ಹೊಡೆಯುವವರು ಬಂದಿದ್ದರು. ಆ ಪುಡಿಯ ಗಾಳಿ ಸೋಕಿದರೂ ಶೀಸೆಯೊಳಗಿನದು ಉಳಿಯುವುದಿಲ್ಲ. ಓಡಿದೆ. ಗಿರಣಿಯವ್ವ ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು, ಎದುರಿಗೆ ಪಂಪು ಹಿಡಿದ ಇಬ್ಬರು. ಗಿರಣಿಯ ಮುಂದೆ ಜೋಳದ ಚೀಲ ಇಟ್ಟುಕೊಂಡು ಜನ ಕಾಯುತ್ತಿದ್ದರು.

"ಒಂದು ಕ್ವಾಣಿ ಬಿಟ್ರ ನಮಗ ಮ್ಯಾಲಿನವರು ಬೈತಾರಬೇ" ಎನ್ನುತ್ತಿದ್ದ ಒಬ್ಬ.

"ಬೈಲಿ. ಒಳಗ ಬಾಣಂತನ ನಡದೈತಿ" ಎಂದರು ಗಿರಣಿಯವ್ವ.

"ಯಾರದಬೇ?"

"ನಮ್ಮ ಮೇಡಮ್ಮಂದು ಒಂದು ಹುಳದ್ದು."

ಅವರಿಬ್ಬರೂ ಮುಖ ಮುಖ ನೋಡಿಕೊಂಡು ಮುಂದಿನ ಮನೆಗೆ ಹೋದರು. ಗಿರಣಿಯವ್ವ ಮೊಣಕಾಲು ಹಿಡಿದು ಎದ್ದರು. "ಅರ್ಧ ತಾಸಾತು ಕುಂತು. ನೀ ಹೋಗಿ ನೋಡು, ಅದಾವೋ ಇಲ್ಲೋ" ಎಂದರು. ಇದ್ದವು. ಮೊಟ್ಟೆಗಳು ಕಪ್ಪಾಗತೊಡಗಿದ್ದವು.

ಅಂದು ಸಂಜೆ ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ಗಂಡನ್ನೇ ಕಾಣದ ಆ ಹೆಣ್ಣಿಗೆ ಗಂಡುಮಕ್ಕಳು ಹುಟ್ಟುತ್ತವೆ ಎಂದಾಗ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಗಂಡಿಲ್ಲದನss?"

"ಇಲ್ಲದೆ."

"ಪುಣ್ಯ ಮಾಡೈತಿ, ಹುಳ ಆಗಿ ಹುಟ್ಟೈತಿ. ಮನಷ್ಯಾಳಾಗಿದ್ರ ಓಣ್ಯಾಗ ಇರಗೊಡತಿದ್ದಿಲ್ಲ" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು. ನನಗೆ ನಗು ಬಂತು. ಕೊಟ್ಟೂರಿಗೆ ಬಂದ ಮೇಲೆ ಹಾಗೆ ನಕ್ಕದ್ದು ನೆನಪಿಲ್ಲ.

ಒಂದು ಬೆಳಗ್ಗೆ ಶೀಸೆಯ ಗೋಡೆಯ ಮೇಲೆ ಚುಕ್ಕೆಗಳು ಓಡಾಡುತ್ತಿದ್ದವು. ಮೀಸೆ ಗದೆಯಂತಿರಲಿಲ್ಲ, ಮಣಿಸರದಂತೆ ನೀಳವಾಗಿತ್ತು. ಎಲ್ಲವೂ ಗಂಡು. ಅವು ಹುಟ್ಟಿದ ಮೊಟ್ಟೆಗಳ ಬಳಿಯೇ ಸುಳಿಯುತ್ತಿದ್ದವು. ಹೊರಬರಬೇಕಾದವರು ಇನ್ನಾರೂ ಉಳಿದಿರಲಿಲ್ಲ. ತುಸು ಹೊತ್ತು ನೋಡುತ್ತಿದ್ದೆ. ಆಮೇಲೆ ಆಲ್ಕೋಹಾಲಿಗೆ ಇಳಿಸಿದೆ.

ಉಳಿದದ್ದು ಕೈಯ ಕೆಲಸ. ಹೊಟ್ಟೆಯ ತುದಿಯನ್ನು ಬಿಡಿಸಿ ಕಾಸ್ಟಿಕ್ ದ್ರಾವಣದಲ್ಲಿ ಬೆಚ್ಚಗೆ ಮಾಡಿದರೆ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಹೆಚ್ಚು ಹೊತ್ತಾದರೆ ಅದೂ ಮೆತ್ತಗಾಗಿ ಹೋಗುತ್ತದೆ. ಮೊದಲನೆಯದು ಹಾಗೇ ಹೋಯಿತು. ಎರಡನೆಯದನ್ನು ನೀರಿಗೆ ಎತ್ತುವಾಗ ಕಳೆದುಹೋಯಿತು. ಬಟ್ಟಲ ತಳವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಮೂರನೆಯದು ಕೊನೆಯ ಹಂತದ, ಅದನ್ನು ಪಾರದರ್ಶಕ ಮಾಡುವ ಲವಂಗದ ಎಣ್ಣೆಯವರೆಗೂ ಬಂತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಅಂಟು, ಅದರಲ್ಲಿ ಇದು, ಮೇಲೆ ತೆಳು ಗಾಜು. ಗಿರಣಿ ತಿರುಗುತ್ತಿತ್ತು. ನಾನು ಹೊರಗೆ ಹೋಗಿ ಕೇಳುವ ಮೊದಲೇ ಗಿರಣಿಯವ್ವ ನನ್ನ ಮುಖ ನೋಡಿ ಸ್ವಿಚ್ ಆರಿಸಿದರು.

ಗಾಜಿನಡಿ ಎರಡು ಕೊಕ್ಕೆಗಳು ಕಂಡವು. ಪ್ರತಿಯೊಂದರ ತುದಿಯಲ್ಲೂ ನಾಲ್ಕು ಹಲ್ಲು. ಹತ್ತಿರದ ಯಾವ ಜಾತಿಗೂ ಮೂರಕ್ಕಿಂತ ಹೆಚ್ಚಿರಲಿಲ್ಲ. ಮತ್ತೆ ಎಣಿಸಿದೆ. ಬೇರೆ ಗಂಡುಗಳಲ್ಲೂ ನೋಡಿದೆ. ನಾಲ್ಕೇ.

ವಿವರಣೆ ಬರೆಯುವಾಗ ಒಂದು ಮಾದರಿಯನ್ನು ಆರಿಸಿ ಕೆಂಪು ಚೀಟಿ ಹಚ್ಚಬೇಕು. ಇನ್ನು ಮುಂದೆ ಆ ಜಾತಿಯೆಂದರೆ ಏನೆಂದು ಯಾರಿಗೆ ಸಂಶಯ ಬಂದರೂ ಆ ಒಂದನ್ನೇ ನೋಡಬೇಕು. ಒಂಟಿಯಾಗಿ ಮೊಟ್ಟೆಯಿಟ್ಟ ಆ ಹೆಣ್ಣನ್ನೇ ಆರಿಸಿದೆ. ಅದರ ಗಂಡುಮಕ್ಕಳು ಜೊತೆಯ ಮಾದರಿಗಳಾದವು. ಹೆಸರಿಗೆ ಊರಿನ ಹೆಸರನ್ನೇ ತೆಗೆದುಕೊಂಡು ಲ್ಯಾಟಿನ್ ಬಾಲ ಸೇರಿಸಿದೆ.

"ನಿನ್ನ ಹೆಸರು ಯಾಕ ಇಡಲಿಲ್ಲ?" ಎಂದರು ಗಿರಣಿಯವ್ವ.

"ನಮ್ಮ ಹೆಸರನ್ನ ನಾವೇ ಇಟ್ಕೊಳ್ಳೋ ರೂಢಿ ಇಲ್ಲ ಅವ್ವ."

"ಅದೂ ಚಲೋನ ಐತಿ."

ಕೇರಳದ ಹಿರಿಯರು ಕರಡನ್ನು ಎರಡು ಸಲ ತಿದ್ದಿ ಕಳಿಸಿದರು. ಪ್ರಬಂಧ ಅಚ್ಚಿಗೆ ಒಪ್ಪಿಗೆಯಾಯಿತು. ಕೆಂಪು ಚೀಟಿಯ ಮಾದರಿಯನ್ನು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸುವುದು ನಿಯಮ. ಅಂಚೆಯನ್ನು ಇನ್ನು ನಂಬಲಾರದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹರಪನಹಳ್ಳಿ, ದಾವಣಗೆರೆ ದಾಟಿ ಬೆಂಗಳೂರಿಗೆ ಹೋದೆ. ದಾರಿಯಲ್ಲಿ ಪಕ್ಕದ ಸೀಟಿನವರು ಸಿಹಿಯೇನ್ರಿ ಎಂದು ಕೇಳಿದರು. ಅಲ್ಲವೆಂದೆ.

ಸಂಗ್ರಹಾಲಯದ ಸಿಬ್ಬಂದಿ ಡಬ್ಬಿ ತೆರೆದು, ಪಿನ್ನುಗಳನ್ನು ಒಂದೊಂದಾಗಿ ಎತ್ತಿ ಮರದ ಸೆಳೆಖಾನೆಯಲ್ಲಿ ಚುಚ್ಚಿ, ಸಂಖ್ಯೆ ಬರೆದುಕೊಂಡು, ಖಾನೆಯನ್ನು ಒಳಗೆ ತಳ್ಳಿದರು. ಇನ್ನೇನಾದರೂ ಇದೆಯೇ ಎಂದರು. ಇನ್ನೇನೂ ಇರಲಿಲ್ಲ. ಖಾಲಿ ಡಬ್ಬಿ ಹಿಡಿದು ರಸ್ತೆಗೆ ಬಂದೆ. ಅಣ್ಣನಿಗೆ ಫೋನ್ ಮಾಡಬೇಕೆನಿಸಿ ಬೂತಿನೊಳಗೆ ಹೋದೆ. ಅರ್ಧ ಸಂಖ್ಯೆ ಒತ್ತಿ ಇಟ್ಟುಬಿಟ್ಟೆ. ಆಮೇಲೆ ಕೊಟ್ಟೂರಿನ ಕಿರಾಣಿ ಅಂಗಡಿಯ ಸಂಖ್ಯೆ ಒತ್ತಿ, ಗಿರಣಿಯವ್ವನನ್ನು ಕರೆಸಿ ಎಂದೆ. ಏದುಸಿರು ಬಿಡುತ್ತ ಬಂದರು.

"ಮುಟ್ಟಿಸಿದೇನವ್ವ?"

"ಮುಟ್ಟಿಸಿದೆ."

"ಎಲ್ಲಿಟ್ರು?"

"ಒಂದು ಖಾನೆಯಲ್ಲಿ. ನೂರು ವರ್ಷ ಆದ್ರೂ ಅಲ್ಲೇ ಇರುತ್ತೆ."

"ಒಂದನss?" ಎಂದರು. "ಇಲ್ಲಾ, ಮಕ್ಳನ್ನೂ ಜ್ವತಿಗಿ ಇಟ್ಟಾರ?"

"ಜೊತೆಗೇ ಇಟ್ಟಿದ್ದಾರೆ ಅವ್ವ. ಪಕ್ಕದಲ್ಲೇ."

"ಹಂಗಾರ ಆತು ಬಿಡು" ಎಂದು ಉಸಿರು ಬಿಟ್ಟರು. "ಊಟ ಮಾಡಿದೇನು?"

ಮಾಡಿಲ್ಲವೆಂದೆ. ಮೊದಲು ಊಟ ಮಾಡು ಎಂದು ಫೋನಿಟ್ಟರು. ರಿಸೀವರ್ ಹಿಡಿದುಕೊಂಡೇ ಬೂತಿನಲ್ಲಿ ನಿಂತಿದ್ದೆ. ಹೊರಗೆ ಕಾಯುತ್ತಿದ್ದವರು ಯಾರೋ ಗಾಜನ್ನು ಮೆಲ್ಲನೆ ತಟ್ಟಿದರು.